ಬೈಬಲ್‌ನಿಂದ ವಚನ ಕದ್ದವರು ಯಾರೂ ಇಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. "ಹೊಸ ಬೈಬಲ್‌ಗಳಲ್ಲಿ ವಚನ ತೆಗೆದುಹಾಕಿದ್ದಾರೆ" ಅನ್ನುವ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಓಡಾಡುತ್ತಿದೆ. ಮಾತಾಡುವವರು ಬದಲಾಗುತ್ತಾರೆ, ಪಟ್ಟಿ ಅದೇ. ಹಾಗಾಗಿ ಇದಕ್ಕೇ ಹೆಚ್ಚು ಜಾಗ, ಉಳಿದವಕ್ಕೆ ಚುಟುಕು ಉತ್ತರ.

ಪ್ರಶ್ನೆ: ಅಜ್ಜನ ಹಳೆಯ ಇಂಗ್ಲಿಷ್ ಅನುವಾದದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಮತ್ತಾಯ 17:21 ಇದೆ. ನನ್ನ ಮೊಬೈಲ್‌ನ ಎನ್‌ಐವಿಯಲ್ಲಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಎಂಬ ಹೊಸ ಇಂಗ್ಲಿಷ್ ಅನುವಾದ) 20 ಆದ ಮೇಲೆ ನೇರ 22. ಉಪವಾಸದ ಶಕ್ತಿ ನಮಗೆ ಗೊತ್ತಾಗಬಾರದು ಅಂತ ಪ್ರಕಾಶಕರಾದ ಹಾರ್ಪರ್‌ಕಾಲಿನ್ಸ್‌ನವರೇ ತೆಗೆಸಿದರು ಎಂದು ಒಬ್ಬ ಪಾಸ್ಟರ್ ವಿಡಿಯೊದಲ್ಲಿ ಹೇಳುತ್ತಾರೆ. ಅದನ್ನು ನೋಡಿ ಅಕ್ಕ, ಮಗನ ಫಿಟ್ಸ್ ಮಾತ್ರೆ ನಿಲ್ಲಿಸಿ ಉಪವಾಸ ಪ್ರಾರ್ಥನೆ ಶುರು ಮಾಡ್ತೀನಿ ಅಂತಿದ್ದಾಳೆ. ಇದು ನಿಜಾನಾ ಸರ್?

ಮೊದಲು ಮಾತ್ರೆಯ ಮಾತು. ಇವತ್ತೇ ಅಕ್ಕನಿಗೆ ಫೋನ್ ಮಾಡಿ. ಫಿಟ್ಸ್ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಪ್ರಾರ್ಥನೆ ಮಾಡಲಿ, ನಾನೂ ಮಾಡುತ್ತೇನೆ. ಆದರೆ ಡೋಸ್ ಬದಲಿಸುವುದು ಡಾಕ್ಟರ ಕೆಲಸ. ವಚನ ತೋರಿಸಿ ಮಗುವಿನ ಮಾತ್ರೆ ಬಿಡಿಸುವವನನ್ನು ನಾನು ಪಾಸ್ಟರ್ ಅಂತ ಕರೆಯುವುದಿಲ್ಲ.

ಈಗ ವಚನಕ್ಕೆ ಬರೋಣ. "ಈ ಜಾತಿಯದು ಪ್ರಾರ್ಥನೆ, ಉಪವಾಸಗಳಿಂದಲೇ ಹೊರತು ಹೋಗುವುದಿಲ್ಲ" ಅನ್ನುವುದು ಅದರ ಅರ್ಥ. ಫಿಟ್ಸ್ ಬರುತ್ತಿದ್ದ ಹುಡುಗನಿಂದ ದೆವ್ವ ಬಿಡಿಸಿದ ಮೇಲೆ ಯೇಸು ಶಿಷ್ಯರಿಗೆ ಹೇಳುವ ಮಾತು ಇದು. ಕಿಂಗ್ ಜೇಮ್ಸ್ ಬಂದದ್ದು 1611ರಲ್ಲಿ. ಅದರ ಹಿಂದಿರುವ ಗ್ರೀಕ್ ಪಾಠದ ಬೇರು 1516ರಲ್ಲಿ ಎರಾಸ್ಮಸ್ ಎಂಬ ವಿದ್ವಾಂಸ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ ಹೊಸ ಒಡಂಬಡಿಕೆ. ಅವನ ಕೈಯಲ್ಲಿ ಇದ್ದದ್ದು ಬೆರಳೆಣಿಕೆಯ ಹಸ್ತಪ್ರತಿಗಳು, ಅವೂ ಹೆಚ್ಚಾಗಿ 12ನೇ ಶತಮಾನದ ಆಸುಪಾಸಿನವು. ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥಕ್ಕಂತೂ ಒಂದೇ ಪ್ರತಿ, ಅದರಲ್ಲೂ ಕೊನೆಯ ಹಾಳೆ ಇರಲಿಲ್ಲ, ಆ ವಚನಗಳನ್ನು ಅವನು ಲ್ಯಾಟಿನ್‌ನಿಂದ ಗ್ರೀಕ್‌ಗೆ ತಾನೇ ತಿರುಗಿಸಿಕೊಂಡ. ಆಮೇಲೆ 4ನೇ ಶತಮಾನದ ಎರಡು ದೊಡ್ಡ ಪ್ರತಿಗಳು ವಿದ್ವಾಂಸರ ಕೈಗೆ ಸಿಕ್ಕವು. ಒಂದು ವ್ಯಾಟಿಕನ್‌ನಲ್ಲಿದೆ. ಇನ್ನೊಂದು ಸಿನಾಯ್ ಬೆಟ್ಟದ ಮಠದ್ದು. ಎರಡರಲ್ಲೂ ಮೂಲ ಲಿಪಿಕಾರರು ಈ ವಚನ ಬರೆದಿಲ್ಲ. ಸಿನಾಯ್ ಪ್ರತಿಯ ಚಿತ್ರಗಳು 2009ರಿಂದ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ತೆಗೆದು ನೋಡಿ. ಮೊದಲು ಬರೆದವನ ಕೈಬರಹದಲ್ಲಿ ಇಲ್ಲದ ಈ ವಚನವನ್ನು ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ತಿದ್ದುವವನು ಸೇರಿಸಿದ್ದಾನೆ.

ಎಲ್ಲಿಂದ ಬಂತು? ಇದೇ ಘಟನೆ ಮಾರ್ಕ 9ರಲ್ಲೂ ಇದೆ, 29ನೇ ವಚನದಲ್ಲಿ ಇಂಥದೇ ಮಾತು ಇದೆ (ಆ ಹಳೆಯ ಎರಡು ಪ್ರತಿಗಳಲ್ಲಿ ಅಲ್ಲೂ ಮೂಲ ಲಿಪಿಕಾರರು ಬರೆದದ್ದು ಪ್ರಾರ್ಥನೆ ಮಾತ್ರ, ಉಪವಾಸ ಇಲ್ಲ). ಮಾರ್ಕ ಬಾಯಿಪಾಠ ಇದ್ದ ಲಿಪಿಕಾರ ಮತ್ತಾಯ ಬರೆಯುವಾಗ "ಇಲ್ಲಿ ಬಿಟ್ಟುಹೋಗಿದೆ" ಅಂದುಕೊಂಡು ಸೇರಿಸಿದ. ಭಕ್ತಿಯಿಂದಲೇ ಸೇರಿಸಿದ. ವಿಡಿಯೊ ಪಟ್ಟಿಯಲ್ಲಿರುವ ಇನ್ನೂ ಎಷ್ಟೋ ವಚನಗಳ ಕತೆ ಹೀಗೇ. ಮತ್ತಾಯ 18:11 "ತೆಗೆದರು" ಅಂತಾರೆ, ಅದೇ ಮಾತು ಲೂಕ 19:10ರಲ್ಲಿ ಎಲ್ಲ ಬೈಬಲ್‌ನಲ್ಲೂ ಇದೆ. ಉಪವಾಸವನ್ನು ಮುಚ್ಚಿಡುವ ಪಿತೂರಿಯೇ ಆಗಿದ್ದರೆ, ಹೇಗೆ ಉಪವಾಸ ಮಾಡಬೇಕು ಅಂತ ಯೇಸು ಹೇಳುವ ಮತ್ತಾಯ 6:16–18ನ್ನು ಯಾಕೆ ಬಿಟ್ಟರು?

ಇನ್ನೊಂದು ವಿಷಯ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಕೊಟ್ಟವನು ಮುದ್ರಕ ರೊಬೇರ್ ಎಸ್ತಿಯೆನ್, 1551ರಲ್ಲಿ. ಅವನ ಪಾಠದಲ್ಲಿ ಈ ವಚನ ಇತ್ತು, ಅದಕ್ಕೊಂದು ಸಂಖ್ಯೆ ಬಿತ್ತು. ಅನುವಾದಕರು ವಚನವನ್ನು ಅಡಿಟಿಪ್ಪಣಿಗೆ ಇಳಿಸಿದಾಗ ಸಂಖ್ಯೆಯನ್ನು ಖಾಲಿಯೇ ಬಿಟ್ಟರು. ಕದಿಯುವವನು 20, 21, 22 ಅಂತ ಸರಿಮಾಡಿ ಮುಚ್ಚಿಬಿಡುತ್ತಿದ್ದ ಅಲ್ವಾ? ನಿಮ್ಮ ಮೊಬೈಲ್‌ನಲ್ಲೇ ಆ ಸಣ್ಣ ಗುರುತನ್ನು ಒತ್ತಿ, ಮಾರ್ಕ 9:29ನ್ನು ಹೋಲುವ ಮಾತು ಕೆಲವು ಹಸ್ತಪ್ರತಿಗಳಲ್ಲಿ ಇಲ್ಲಿದೆ ಎಂದು ಟಿಪ್ಪಣಿಯಲ್ಲೇ ಬರೆದಿದೆ. ಹಳಗನ್ನಡ ಕಾವ್ಯದ ಒಳ್ಳೆಯ ಮುದ್ರಣದಲ್ಲಿ ಓಲೆಗರಿಗಳ ಪಾಠಾಂತರ ಪುಟದ ಕೆಳಗೆ ಕೊಡುತ್ತಾರಲ್ಲ, ಅದೇ ಕೆಲಸ ಇದು. ಅದನ್ನು ಯಾರೂ ಪಂಪನ ಮೇಲಿನ ಪಿತೂರಿ ಅನ್ನುವುದಿಲ್ಲ.

ಪ್ರಕಾಶಕರ ಆರೋಪವಂತೂ ಕಾಲಕ್ಕೇ ಹೊಂದುವುದಿಲ್ಲ. ಎನ್‌ಐವಿ ಹೊಸ ಒಡಂಬಡಿಕೆ ಬಂದದ್ದು 1973ರಲ್ಲಿ. ಅದರ ಪ್ರಕಾಶಕ ಸಂಸ್ಥೆಯನ್ನು ಹಾರ್ಪರ್‌ಕಾಲಿನ್ಸ್‌ನವರ ಗುಂಪು ಕೊಂಡದ್ದು 1988ರಲ್ಲಿ. ಇಂಗ್ಲೆಂಡಿನ ಪರಿಷ್ಕೃತ ಆವೃತ್ತಿ ಈ ವಚನವನ್ನು ಅಂಚಿಗೆ ಇಳಿಸಿದ್ದು 1881ರಲ್ಲೇ.

ನಿಜಕ್ಕೂ ದೊಡ್ಡ ಪ್ರಶ್ನೆಗಳು ಎರಡಿವೆ, ಅವುಗಳ ಬಗ್ಗೆ ಯಾರೂ ಬರೆದು ಕೇಳುವುದಿಲ್ಲ. ಮಾರ್ಕ ಸುವಾರ್ತೆಯ ಕೊನೆಯ ಭಾಗ, 16:9–20, ಮತ್ತು ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕತೆ, ಯೋಹಾನ 7:53ರಿಂದ 8:11. ಎರಡೂ ಆ ಹಳೆಯ ಪ್ರತಿಗಳಲ್ಲಿ ಇಲ್ಲ. ಯೋಹಾನದ ಕತೆ ಹಳೆಯದು, ನಿಜವಾಗಿ ನಡೆದದ್ದೂ ಇರಬಹುದು ಎಂದು ನಾನು ನಂಬುತ್ತೇನೆ, ಆದರೆ ಯೋಹಾನನೇ ಅಲ್ಲಿ ಬರೆದ ಅಂತ ವಾದಿಸುವುದಿಲ್ಲ. ಮಾರ್ಕದ ಆ ಭಾಗದಲ್ಲೇ ಹಾವು ಹಿಡಿಯುವ ಮಾತು ಬರುತ್ತದೆ. ಅಮೆರಿಕದ ಅಪಲೇಚಿಯ ಬೆಟ್ಟಗಳ ಕೆಲವು ಸಭೆಗಳಲ್ಲಿ ಅದನ್ನು ನಂಬಿ ಆರಾಧನೆಯಲ್ಲಿ ವಿಷದ ಹಾವು ಹಿಡಿಯುತ್ತಾರೆ. ಆ ಪದ್ಧತಿಯನ್ನು ಹಬ್ಬಿಸಿದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ಸತ್ತ. ಅಡಿಟಿಪ್ಪಣಿ ಓದಿ ಅಂತ ನಾನು ಸುಮ್ನೆ ಹೇಳುತ್ತಿಲ್ಲ.

ಪ್ರಶ್ನೆ: 325ರ ನೈಸಿಯ ಮಹಾಸಭೆಯಲ್ಲಿ ವೋಟು ಹಾಕಿ ಬೈಬಲ್ ಪುಸ್ತಕಗಳನ್ನು ಆರಿಸಿದರಂತೆ?

ಇಲ್ಲ. ಅಲ್ಲಿನ ಜಗಳ, ಯೇಸು ದೇವರಿಂದ ಸೃಷ್ಟಿಯಾದವನು ಎಂಬ ಅರಿಯಸ್‌ನ ಬೋಧನೆಯದು. ಸಭೆ ಮಾಡಿದ 20 ನಿಯಮಗಳಲ್ಲಿ ಪುಸ್ತಕಪಟ್ಟಿ ಇಲ್ಲ. ನಮ್ಮ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಸರಿಯಾಗಿ ಕಾಣುವುದು 367ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಪತ್ರದಲ್ಲಿ. ಥ್ರಿಲ್ಲರ್ ಕಾದಂಬರಿ ಓದಿ ಇತಿಹಾಸ ಕಲಿಯಬೇಡಿ.

ಪ್ರಶ್ನೆ: ಯೇಸು ಲಡಾಖ್‌ಗೆ ಬಂದು ಓದಿದ್ದು ನಿಜವೇ?

1894ರಲ್ಲಿ ನೊಟೊವಿಚ್ ಅನ್ನುವವನು ಲಡಾಖ್‌ನ ಹೆಮಿಸ್ ಮಠದಲ್ಲಿ ಆ ಕತೆ ಇರುವ ಗ್ರಂಥ ನೋಡಿದೆ ಅಂದ. ಆಗ್ರಾದ ಪ್ರೊಫೆಸರ್ ಡಗ್ಲಸ್ ಮರುವರ್ಷ ಅಲ್ಲಿಗೇ ಹೋಗಿ ಕೇಳಿದರು. ಅಂಥ ಗ್ರಂಥವೇ ಇಲ್ಲ ಅಂದರು ಮಠದ ಮುಖ್ಯಸ್ಥರು.

ಪ್ರಶ್ನೆ: ಆಧಾರ್ ಕಾರ್ಡ್ 666ರ ಗುರುತೇ?

ಅಲ್ಲ. 666 ಬರುವ ಪ್ರಕಟನೆ 13:18ರಲ್ಲಿ, ಅದರ ಬದಲು 616 ಅಂತಿರುವ ಹಳೆಯ ಹಸ್ತಪ್ರತಿಗಳೂ ಇವೆ. ಹೆದರಿಸಿ ಕಾಣಿಕೆ ಎತ್ತುವವರು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ನಾಸ್ತಿಕರನ್ನು ಸೋಲಿಸಲು ಯಾವ ಡಿಬೇಟ್ ನೋಡಬೇಕು?

ಸೋಲಿಸುವುದಕ್ಕೇ ಆದರೆ ಯಾವುದೂ ಬೇಡ. ನಮ್ಮ ಕಡೆಯವರೂ ಬಾಯಿಗೆ ಬಂದದ್ದು ಹೇಳುತ್ತಾರೆ. 2012ರಲ್ಲಿ ಒಂದು ಡಿಬೇಟ್‌ನಲ್ಲಿ, ಮೊದಲನೇ ಶತಮಾನದ ಮಾರ್ಕ ಸುವಾರ್ತೆಯ ತುಣುಕು ಸಿಕ್ಕಿದೆ ಎಂದು ಹೇಳಿಬಿಟ್ಟರು. ವರ್ಷಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದರು. 2018ರಲ್ಲಿ ತುಣುಕು ಪ್ರಕಟವಾದಾಗ ತಜ್ಞರು ಕೊಟ್ಟ ಕಾಲ 2ನೇ ಶತಮಾನದ ಕೊನೆ ಅಥವಾ 3ನೇ ಶತಮಾನದ ಆರಂಭ. "5,800 ಗ್ರೀಕ್ ಹಸ್ತಪ್ರತಿಗಳಿವೆ" ಅನ್ನುವ ಹೆಮ್ಮೆಯೂ ಅಷ್ಟೇ, ಅವುಗಳಲ್ಲಿ ಹೆಚ್ಚಿನವು 9ನೇ ಶತಮಾನದಿಂದ ಈಚಿನವು. ಸುಳ್ಳು ಸೇರಿಸಿ ಸುವಾರ್ತೆಯನ್ನು ಕಾಪಾಡುವ ಅಗತ್ಯ ನಮಗಿಲ್ಲ. ಡಿಬೇಟ್ ನೋಡಿದರೆ ಎರಡೂ ಕಡೆಯವರು ಉಲ್ಲೇಖಿಸಿದ ಭಾಗವನ್ನು ಬೈಬಲ್ ತೆರೆದು ಪೂರ್ತಿ ಅಧ್ಯಾಯ ಓದಿ, ಆಮೇಲೆ ಕಾಮೆಂಟ್ ಹಾಕಿ.