ಸ್ಪೆಷಲ್ ಬಿ.ಎಡ್. ಮಾಡಿದರೆ ಕೆಲಸ ಗ್ಯಾರಂಟಿನಾ?

ಹೋದ ಸಂಚಿಕೆಯಲ್ಲಿ ಕಿವಿ ಕೇಳದ ಮಕ್ಕಳ ಪಾಠದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟೀಚರ್ ಟ್ರೇನಿಂಗ್ ಬಗ್ಗೆಯೇ ಇವೆ. ನಿವೃತ್ತಿಯಾಗುವವರೆಗೆ ನಾನು ಮಾಡಿದ ಕೆಲಸವೂ ಅದೇ, ವಿಶೇಷ ಶಿಕ್ಷಕರಾಗುವವರಿಗೆ, ಅಂದರೆ ವಿಕಲಚೇತನ ಮಕ್ಕಳಿಗೆ ಕಲಿಸಲು ಹೋಗುವವರಿಗೆ, ಪಾಠ ಹೇಳುವುದು. ಹಾಗಾಗಿ ಈ ಸಲ ಹೋಂವರ್ಕ್, ಮೊಬೈಲ್ ಹುಚ್ಚು ಎಲ್ಲ ಪಕ್ಕಕ್ಕಿರಲಿ.

ಬಿ.ಎಸ್ಸಿ. ಮುಗಿಸಿದ್ದೇನೆ. ಅಪ್ಪ ಮಾಮೂಲಿ ಬಿ.ಎಡ್. ಮಾಡು ಅನ್ನುತ್ತಾರೆ. ಗೆಳತಿ ಸ್ಪೆಷಲ್ ಬಿ.ಎಡ್. ಸೇರು, ಕೆಲಸ ಗ್ಯಾರಂಟಿ ಅನ್ನುತ್ತಾಳೆ. ಯಾವುದು ಸರಿ?
– ಎಂ.ಎಸ್., ರಾಣೆಬೆನ್ನೂರು

ಗ್ಯಾರಂಟಿ ಅಂತ ನಿಮ್ಮ ಗೆಳತಿಗೆ ಯಾರು ಹೇಳಿದರೋ! ಅರ್ಧ ನಿಜ ಅಷ್ಟೇ. ಸಿ.ಬಿ.ಎಸ್.ಇ. ಶಾಲೆಗಳಲ್ಲಿ ವಿಶೇಷ ಶಿಕ್ಷಕರು ಇರಲೇಬೇಕು ಅಂತ ನಿಯಮ ಇದೆ, ಆದ್ದರಿಂದ ಖಾಸಗಿ ಶಾಲೆಗಳು ಹುಡುಕುತ್ತಿರುತ್ತವೆ. ಸರ್ಕಾರಿ ಕಡೆ ಕತೆ ಬೇರೆ. 2021ರಲ್ಲಿ ಸುಪ್ರೀಂ ಕೋರ್ಟು ಒಂದು ಲೆಕ್ಕ ಹಾಕಿಕೊಟ್ಟಿತು. ಪ್ರಾಥಮಿಕದಲ್ಲಿ ವಿಕಲಚೇತನ ಮಕ್ಕಳು 10 ಜನಕ್ಕೆ ಒಬ್ಬರು ವಿಶೇಷ ಶಿಕ್ಷಕರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯಲ್ಲಿ 15ಕ್ಕೆ ಒಬ್ಬರು. ರಾಜ್ಯಗಳು ಅಲುಗಾಡಲಿಲ್ಲ. 2025ರ ಮಾರ್ಚಿನಲ್ಲಿ ಅದೇ ಕೋರ್ಟು ಮತ್ತೆ ಕರೆದು, ಎಷ್ಟು ಹುದ್ದೆ ಬೇಕೋ ಮೊದಲು ಪ್ರಕಟಿಸಿ ಅಂತ ಗದರಬೇಕಾಯಿತು. ಹುದ್ದೆಗಳು ಬರುತ್ತವೆ, ಆದರೆ ನೀವು ಓದಿ ಮುಗಿಸಿದ ದಿನವೇ ಬರುತ್ತವೆ ಅಂತ ನಾನು ಹೇಳಲಾರೆ.

ಅಪ್ಪನಿಗೆ ಒಂದು ಸಮಾಧಾನ ಹೇಳಿ. ಸ್ಪೆಷಲ್ ಬಿ.ಎಡ್. ಕೂಡ ಬಿ.ಎಡ್.ಗಳಲ್ಲೇ ಒಂದು. ಶಿಕ್ಷಕರ ತರಬೇತಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಮಂಡಳಿ ಎನ್.ಸಿ.ಟಿ.ಇ. 2010ರಲ್ಲಿ ಹೊರಡಿಸಿದ ಶಿಕ್ಷಕರ ಅರ್ಹತೆಯ ಪಟ್ಟಿಯಲ್ಲಿ ಆರರಿಂದ ಎಂಟನೇ ತರಗತಿಗೆ ಅದೂ ಸೇರಿದೆ. ಅವಧಿ ಎರಡು ವರ್ಷ, 2015ರ ಮುಂಚೆ ಒಂದೇ ವರ್ಷ ಇತ್ತು.

ನಿಮ್ಮ ಗೆಳತಿ ಹೇಳದ ಸಂಗತಿ ಒಂದಿದೆ. ಈ ಕೋರ್ಸ್ ಸೇರುವಾಗಲೇ ಒಂದು ವೈಕಲ್ಯವನ್ನು ಆರಿಸಿಕೊಳ್ಳಬೇಕು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ (ಬುದ್ಧಿ ಇದ್ದರೂ ಓದು ಬರಹ ಕಷ್ಟವಾಗುವುದು), ಆಟಿಸಂ ಹೀಗೆ. ಹುಡುಗಿಯರು ಹಾಸ್ಟೆಲ್ ಎಲ್ಲಿ ಚೆನ್ನಾಗಿದೆ ಅಂತ ನೋಡಿ ಆರಿಸುತ್ತಾರೆ. ಎರಡನೇ ಸೆಮಿಸ್ಟರ್‌ನಲ್ಲಿ, ನನಗೆ ಸನ್ನೆ ಭಾಷೆ ಬರಲ್ಲ ಮೇಡಂ, ಆಟಿಸಂಗೆ ಹೋಗಬೇಕಿತ್ತು ಅಂತ ಅಳುತ್ತಾರೆ. ಅದಕ್ಕೇ ಅರ್ಜಿ ತುಂಬುವ ಮೊದಲು ನಿಮ್ಮ ಜಿಲ್ಲೆಯ ಯಾವುದಾದರೂ ವಿಶೇಷ ಶಾಲೆಗೆ ಹೋಗಿ. ಒಂದು ವಾರ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಿ. ಮಕ್ಕಳ ಮುಂದೆ ನಿಮಗೆ ಸಂಕೋಚ ಜಾಸ್ತಿಯಾಗುತ್ತದೋ, ಕಡಿಮೆಯಾಗುತ್ತದೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಎಲ್ಲಿ ಓದಬೇಕು? ಶ್ರವಣದೋಷ ಆರಿಸಿದರೆ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ. 1965ರಿಂದ ಇದೆ. ಬಿ.ಎಡ್., ಎಂ.ಎಡ್. ಎರಡೂ ಇವೆ, ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಅಲ್ಲಿನ ಪ್ರೀಸ್ಕೂಲ್ ನೋಡಿಯೇ ಕಲಿಯುವುದು ಎಷ್ಟೋ ಇದೆ. ಮಗುವಿನ ಜೊತೆ ಅಮ್ಮಂದಿರೂ ಕೂತು ಕಲಿಯುತ್ತಾರೆ. ಬೌದ್ಧಿಕ ವೈಕಲ್ಯಕ್ಕೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ, ಬಹುವೈಕಲ್ಯಕ್ಕೆ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿರುವ ರಾಷ್ಟ್ರೀಯ ಸಂಸ್ಥೆ. ಕೊಯಮತ್ತೂರಿನಲ್ಲಿ ರಾಮಕೃಷ್ಣ ಮಿಷನ್ನಿನ ವಿವೇಕಾನಂದ ವಿಶ್ವವಿದ್ಯಾಲಯವೂ ಈ ವಿಷಯಕ್ಕೇ ಒಂದು ವಿಭಾಗ ಇಟ್ಟುಕೊಂಡಿದೆ.

ಖಾಸಗಿ ಕಾಲೇಜಾದರೆ ಒಂದು ಪ್ರಶ್ನೆ ಕೇಳಿ: ನಿಮ್ಮ ಕಾಲೇಜಿಗೆ ಸೇರಿದ ಶಾಲೆ ಎಲ್ಲಿದೆ, ಅದರಲ್ಲಿ ಮಕ್ಕಳು ಎಷ್ಟಿದ್ದಾರೆ? ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ. ಮಕ್ಕಳೇ ಇಲ್ಲದ ಕಡೆ ಎರಡು ವರ್ಷ ಥರ್ಮಾಕೋಲ್ ಕತ್ತರಿಸಿ, ಗ್ಲಿಟರ್ ಅಂಟಿಸಿ, ಪಾಠಯೋಜನೆಯ ಪುಸ್ತಕಕ್ಕೆ ಬ್ರೌನ್ ಪೇಪರ್ ಹಾಕಿ ಮುಗಿಸುತ್ತೀರಿ. ಇದೇ ಈ ಟ್ರೇನಿಂಗಿನ ದೊಡ್ಡ ರೋಗ, ಚಾರ್ಟು ಚೆನ್ನಾಗಿದ್ದರೆ ಟೀಚರ್ ಚೆನ್ನಾಗಿದ್ದಾಳೆ ಅನ್ನುವುದು.

ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಪಡೆದು ಮನೆಯಲ್ಲೇ 'ಸ್ಪೆಷಲ್ ಎಜುಕೇಟರ್' ಅಂತ ಬೋರ್ಡ್ ಹಾಕಬಹುದಾ?
– ಹೆಸರು ಬೇಡ, ಬೆಂಗಳೂರು

ಬೇಡ. ವಿಶೇಷ ಶಿಕ್ಷಕರಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ಹೆಸರು ನೋಂದಣಿಯಾಗಿರಬೇಕು. ಅದು ಮಾನ್ಯ ಮಾಡಿದ ಕೋರ್ಸ್ ಓದಿದವರಿಗೆ ಮಾತ್ರ ನೋಂದಣಿ. 1992ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ಅಂದರೆ ಇವತ್ತು ಯಾರಿಗೂ ಭಯ ಇಲ್ಲ, ಅದು ನನಗೂ ಗೊತ್ತು. ಆದರೆ ನಿಮ್ಮ ಹತ್ತಿರ ಬರುವ ತಾಯಿ ಗಂಟೆಗೆ ಕೊಡುವ ದುಡ್ಡು ಅವಳ ಮನೆಯಲ್ಲಿ ಎಲ್ಲಿಂದಲೋ ಉಳಿಸಿದ್ದು. ತಂದೆತಾಯಿಗಳಿಗೂ ಇಲ್ಲೇ ಹೇಳಿಬಿಡುತ್ತೇನೆ. ಟೀಚರ್ ಹತ್ತಿರ ಆರ್.ಸಿ.ಐ. ನಂಬರ್ ಕೇಳಿ. ಕೇಳಿದರೆ ಅವಮಾನ ಏನೂ ಅಲ್ಲ.

ನನ್ನ ಐದನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಬಾಯಿಲೆಕ್ಕದಲ್ಲಿ ನನಗಿಂತ ಚುರುಕು. ಕನ್ನಡ ಮಾತ್ರ ಓದಲು ಬರುವುದಿಲ್ಲ, ಬರೆದರೆ ಒತ್ತಕ್ಷರ ಎಲ್ಲ ತಪ್ಪು. ಇಂಥವನಿಗೆ ಪಾಠ ಮಾಡಲು ನಾನು ಬೇರೆ ಡಿಗ್ರಿ ಮಾಡಬೇಕಾ?
– ಸರ್ಕಾರಿ ಶಾಲೆಯ ಶಿಕ್ಷಕ, ಮದ್ದೂರು ತಾಲ್ಲೂಕು

ಡಿಗ್ರಿ ಆಮೇಲೆ ನೋಡೋಣ ಸಾರ್. ಮೊದಲು ಆ ಹುಡುಗನ ನೋಟ್‌ಬುಕ್ ನೋಡೋಣ.

ನಮ್ಮ ಕೋರ್ಸಿನಲ್ಲಿ ಕಲಿಕಾ ನ್ಯೂನತೆಯ ಪಾಠ ಬಹುಪಾಲು ಇಂಗ್ಲಿಷ್ ಪುಸ್ತಕದ್ದು. ಬಿ ಅಕ್ಷರವನ್ನು ಡಿ ಅಂತ ಬರೆಯುವ ಮಗುವಿನ ಚಿತ್ರ ಎಲ್ಲ ಪುಸ್ತಕದಲ್ಲೂ ಇರುತ್ತದೆ. ಕನ್ನಡದ ಮಗು ಎಡವುವ ಜಾಗವೇ ಬೇರೆ. ದ ಬರೆಯುವ ಕಡೆ ಧ, ಪ ಬರೆಯುವ ಕಡೆ ಷ. ದೀರ್ಘ ಬಿಟ್ಟುಹೋಗುತ್ತದೆ. ಎಲ್ಲಕ್ಕಿಂತ ಕಷ್ಟ ಒತ್ತಕ್ಷರ. 'ಸೂರ್ಯ' ಅನ್ನುವಾಗ ಬಾಯಲ್ಲಿ ರ ಮೊದಲು ಬರುತ್ತದೆ, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವೊತ್ತು ಆಮೇಲೆ. ಸಾಮಾನ್ಯ ಮಗುವೂ ಇಲ್ಲಿ ಗೊಂದಲ ಮಾಡಿಕೊಳ್ಳುತ್ತದೆ. ಇಂಗ್ಲಿಷಿನ 26 ಅಕ್ಷರ ಮುಗಿಸಿದ ಹಾಗೆ ಕನ್ನಡ ಮುಗಿಯುವುದಿಲ್ಲ. ಗುಣಿತ, ಒತ್ತು ಸೇರಿ ನೂರಾರು ರೂಪ. ಮಕ್ಕಳು ಅದನ್ನು ಮೂರು, ನಾಲ್ಕನೇ ಕ್ಲಾಸಿನವರೆಗೂ ಕಲಿಯುತ್ತಲೇ ಇರುತ್ತಾರೆ ಅಂತ ಕನ್ನಡ ಓದಿನ ಮೇಲೆ ನಡೆದ ಸಂಶೋಧನೆಯೇ ಹೇಳುತ್ತದೆ.

ಇನ್ನೊಂದು ಎಚ್ಚರಿಕೆ, ನೀವು ಮಂಡ್ಯ ಜಿಲ್ಲೆಯವರಾದ್ದರಿಂದ. ಹುಡುಗ 'ಹಾಲು' ಬರೆಯುವ ಕಡೆ 'ಆಲು' ಬರೆದರೆ ಅದು ಕಾಯಿಲೆ ಅಲ್ಲ. ಅವನ ಅಮ್ಮ ಹಾಗೆ ಮಾತಾಡುತ್ತಾಳೆ, ನೀವೂ ಸಿಟ್ಟು ಬಂದಾಗ ಹಾಗೇ ಮಾತಾಡುತ್ತೀರಿ, ಅಲ್ವಾ? ಇಂಥ ತಪ್ಪುಗಳನ್ನು ಬೇರೆ ತೆಗೆದಿಡಿ. ಮಿಕ್ಕ ತಪ್ಪುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅವು ಎರಡು ಮೂರು ಜಾತಿಯವೇ ಆಗಿರುತ್ತವೆ.

ಒತ್ತಕ್ಷರ ಕಲಿಸುವಾಗ ಪಠ್ಯಪುಸ್ತಕದ ಓಟ ಬಿಡಿ. ಅಕ್ಕ, ಬೆಟ್ಟ, ಅಪ್ಪ ಇಂಥ ಸಜಾತೀಯ ಒತ್ತಿನಿಂದ ಶುರು ಮಾಡಿ. ಇವುಗಳಲ್ಲಿ ಮೇಲಿನ ಅಕ್ಷರದ ಆಕಾರವೇ ಹೆಚ್ಚು ಕಡಿಮೆ ಕೆಳಗೂ ಇರುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮಾತ್ರ ಮೂಲ ಅಕ್ಷರದ ಥರ ಕಾಣುವುದೇ ಇಲ್ಲ. 'ಅಮ್ಮ' ನಮಗೆ ಎಷ್ಟು ಸುಲಭದ ಪದ! ಈ ಹುಡುಗನಿಗೆ ಅದು 'ಬೆಟ್ಟ'ಕ್ಕಿಂತ ಕಷ್ಟ. ಆ ಆರು ಒತ್ತುಗಳಿಗೆ ಬೇರೆ ಕಾರ್ಡ್ ಮಾಡಿ, ದಿನಕ್ಕೊಂದೇ ತೆಗೆದುಕೊಳ್ಳಿ, ಹತ್ತು ನಿಮಿಷ ಸಾಕು. ವಿಜಾತೀಯ ಒತ್ತು ಅದಾದ ಮೇಲೆ. ಅರ್ಕಾವೊತ್ತು ಕಟ್ಟಕಡೆಗೆ.

ಲೆಕ್ಕದಲ್ಲಿ ಅವನನ್ನು ಓದಿಗಾಗಿ ಕಾಯಿಸಬೇಡಿ. ಪ್ರಶ್ನೆ ನೀವೇ ಓದಿ ಹೇಳಿ, ಉತ್ತರ ಬಾಯಲ್ಲಿ ಹೇಳಲಿ. ಬೇಗ ಮುಗಿಸಿದ ಅಂತ ಅದೇ ಥರದ ಇನ್ನೂ 20 ಲೆಕ್ಕ ಕೊಟ್ಟರೆ ಅದು ಶಿಕ್ಷೆ. ಆರನೇ, ಏಳನೇ ಕ್ಲಾಸಿನ ಲೆಕ್ಕ ಕೊಡಿ. ಓದಲು ಕಷ್ಟ, ಬುದ್ಧಿ ಚುರುಕು ಎರಡೂ ಒಬ್ಬನಲ್ಲೇ ಇರುವುದು ಅಪರೂಪ ಏನಲ್ಲ. ಚುರುಕುತನ ಕಷ್ಟವನ್ನು ಮುಚ್ಚುತ್ತದೆ, ಕಷ್ಟ ಚುರುಕುತನವನ್ನು ಮುಚ್ಚುತ್ತದೆ. ಕೊನೆಗೆ ಟೀಚರ್ ಕಣ್ಣಿಗೆ ಅವನು ಬರೀ 'ಸೋಮಾರಿ'.

ಜೊತೆಗೇ ಕಲಿಕಾ ನ್ಯೂನತೆ ಇದೆಯಾ ಅಂತ ಪರೀಕ್ಷೆಯನ್ನೂ ಮಾಡಿಸಿ. ನಿಮ್ಮ ಬಿ.ಆರ್.ಸಿ.ಯ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಬಿ.ಐ.ಇ.ಆರ್.ಟಿ.ಗೆ, ಅಂದರೆ ವಿಕಲಚೇತನ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ, ಹೇಳಿದರೆ ದಾರಿ ತೋರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕಾ ನ್ಯೂನತೆ ಪರೀಕ್ಷಿಸುವ ವ್ಯವಸ್ಥೆ ಇದೆ. 1995ರ ವಿಕಲಚೇತನರ ಕಾಯ್ದೆಯಲ್ಲಿ ಈ ಮಕ್ಕಳ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಇದೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು ಇಂಥ ಅನುಕೂಲಗಳು ಸಿಗುತ್ತವೆ. ಒಂಬತ್ತನೇ ಕ್ಲಾಸಿನ ಕೊನೆಯಲ್ಲಿ ಓಡಾಡುವುದಕ್ಕಿಂತ ಈಗಲೇ ಮಾಡಿಸುವುದು ಒಳ್ಳೆಯದು.

ಬಿ.ಐ.ಇ.ಆರ್.ಟಿ. ಆಗಿದ್ದೇನೆ. ನಾನು ಓದಿದ್ದು ಶ್ರವಣದೋಷ. ಮನೆಗೆ ಹೋಗಿ ಪಾಠ ಮಾಡಬೇಕಾದ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರದ ಸ್ಥಿತಿ). ಒಂದು ಮಗು ಮಾತಾಡುವುದೂ ಇಲ್ಲ, ಕೂರುವುದೂ ಇಲ್ಲ. ಏನು ಕಲಿಸಲಿ?
– ಯಾದಗಿರಿ ಜಿಲ್ಲೆಯ ಓದುಗರು

ನಿಮ್ಮ ಸಿಟ್ಟು ನ್ಯಾಯವಾದದ್ದು. ವಿಶ್ವವಿದ್ಯಾಲಯ ಒಂದು ವೈಕಲ್ಯಕ್ಕೆ ತಯಾರು ಮಾಡುತ್ತದೆ, ಇಲಾಖೆ ಇಡೀ ತಾಲ್ಲೂಕಿನ ಎಲ್ಲ ವೈಕಲ್ಯವನ್ನೂ ಕೈಗೆ ಕೊಡುತ್ತದೆ. ಮಿಕ್ಕ ವೈಕಲ್ಯಗಳ ಬಗ್ಗೆ ಕೋರ್ಸಿನಲ್ಲಿ ಒಂದೆರಡು ಪೇಪರ್ ಇರುತ್ತವೆ, ಅಷ್ಟು ಸಾಲುವುದಿಲ್ಲ. ಬಯಲುಸೀಮೆಯಲ್ಲಿ ಈಜು ಕಲಿತವರನ್ನು ಸಮುದ್ರಕ್ಕೆ ಇಳಿಸಿದ ಹಾಗೆ.

ಆದರೂ ನಾಳೆ ಆ ಮನೆಗೆ ಹೋಗಬೇಕಲ್ಲ. ಮೊದಲು ಕೂರಿಸುವ ವಿಷಯ. ಮಲಗಿದ ಮಗುವಿಗೆ ಚಾವಣಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೆನ್ನಿಗೆ ಏನು ಕೊಡಬೇಕು, ಕಾಲು ಹೇಗಿಡಬೇಕು ಅಂತ ಫಿಸಿಯೋಥೆರಪಿಸ್ಟ್ ಒಂದು ಸಲ ತೋರಿಸಲಿ. ನೀವು, ಅಮ್ಮ, ಅಜ್ಜಿ ಮೂವರೂ ನೋಡಿಕೊಳ್ಳಿ. ಅಂದಾಜಿನಲ್ಲಿ ಮಾಡಬೇಡಿ.

ಆಮೇಲೆ ಅಕ್ಷರ ಅಲ್ಲ, 'ಹೌದು', 'ಬೇಡ'. ಎರಡು ವಸ್ತು ಹಿಡಿಯಿರಿ, ಲೋಟ ಮತ್ತು ಚೆಂಡು. ಮಗು ಯಾವುದನ್ನು ನೋಡುತ್ತದೋ ಅದನ್ನು ಕೊಡಿ. ಕಣ್ಣಲ್ಲಿ ಆರಿಸಬಹುದು ಅಂತ ಮಗುವಿಗೆ ಗೊತ್ತಾಗಲು ವಾರಗಳು ಹಿಡಿಯಬಹುದು. ಸಂವಹನದ ವಿಷಯದಲ್ಲಿ ಶ್ರವಣದೋಷ ಓದಿದವರಾದ ನಿಮಗೆ ಬೇರೆಯವರಿಗಿಂತ ಅನುಕೂಲ ಇದೆ. ಬಾಯಿಂದ ಬರದಿದ್ದರೂ ಭಾಷೆ ಇರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದರೆ ಆ ಎರಡು ಪದ ಆ ಮಾತಿನಲ್ಲೇ ಇರಲಿ.

ಆರ್.ಸಿ.ಐ. ನೋಂದಣಿಯ ನವೀಕರಣಕ್ಕೆ ಸಿ.ಆರ್.ಇ. ಅಂಕ, ಅಂದರೆ ಮುಂದುವರಿಕೆ ತರಬೇತಿಯ ಅಂಕ, ಬೇಕಲ್ಲ, ಅದಕ್ಕೆ ಮಾಡುವ ತರಬೇತಿಯನ್ನು ಸೆರೆಬ್ರಲ್ ಪಾಲ್ಸಿ ಬಗ್ಗೆಯೇ ಆರಿಸಿಕೊಳ್ಳಿ. ಎಲ್ಲಿ ಊಟ ಚೆನ್ನಾಗಿರುತ್ತದೆ ಅಂತ ನೋಡಿ ಹೋಗುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನನ್ನ ಮಗಳಿಗೆ ಐದು ವರ್ಷ. ಪೇಪರ್ ಪಟಪಟ ಓದುತ್ತಾಳೆ. ಒಂದು ಸೆಂಟರ್‌ನವರು ಐ.ಕ್ಯೂ. ಟೆಸ್ಟ್ ಮಾಡಿ 'ಗಿಫ್ಟೆಡ್' ಅಂದರು, ವಿಶೇಷ ತರಬೇತಿಗೆ ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಇಂಥ ಮಕ್ಕಳಿಗೆ ಅಂತ ಕಲಿತ ಟೀಚರ್‌ಗಳು ಇದ್ದಾರಾ?
– ತಾಯಿ, ದಾವಣಗೆರೆ

ದುಡ್ಡು ಕಟ್ಟಬೇಡಿ, ಇದು ಮೊದಲ ಮಾತು. ಐದು ವರ್ಷದ ಮಗುವಿನ ಐ.ಕ್ಯೂ. ಅಂಕ ಮುಂದೆ ಸಾಕಷ್ಟು ಏರಿಳಿಯಬಹುದು. ಪೇಪರ್ ಓದಿದ ಮೇಲೆ ಏನು ಓದಿದೆ ಅಂತ ಅವಳ ಮಾತಲ್ಲೇ ಕೇಳಿ. ಅರ್ಥವಾಗದೆ ಸರಾಗ ಓದುವ ಮಕ್ಕಳೂ ಇದ್ದಾರೆ, ಅವರಿಗೆ ಬೇರೆ ಸಹಾಯ ಬೇಕಾಗುತ್ತದೆ.

ಟೀಚರ್ ವಿಷಯಕ್ಕೆ ಬಂದರೆ, ವಿಕಲಚೇತನ ಮಕ್ಕಳ ಶಿಕ್ಷಕರಿಗೆ ಆರ್.ಸಿ.ಐ. ಇರುವ ಹಾಗೆ ಪ್ರತಿಭಾವಂತ ಮಕ್ಕಳ ಶಿಕ್ಷಕರಿಗೆ ನಮ್ಮಲ್ಲಿ ಯಾವ ಮಂಡಳಿಯೂ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಇಂಥ ಮಕ್ಕಳು ವಿಶೇಷ ಶಿಕ್ಷಣದ ಒಳಗೇ ಬರುತ್ತಾರೆ, ಅವರಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಇರುತ್ತದೆ. ನಮ್ಮ 2020ರ ಶಿಕ್ಷಣ ನೀತಿ, ಬಿ.ಎಡ್.ನಲ್ಲಿ ಇದನ್ನೂ ಒಂದು ವಿಶೇಷ ವಿಷಯವಾಗಿ ಇಡಬಹುದು ಅಂದಿದೆ. 'ಇಡಬಹುದು' ಅಂದರೆ ನಮ್ಮ ವಿಶ್ವವಿದ್ಯಾಲಯಗಳಿಗೆ 'ಬಿಡಬಹುದು' ಅಂತಲೂ ಕೇಳಿಸುತ್ತದೆ. ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಯಾಸ್ ಅನ್ನುವ ಸಂಶೋಧನಾ ಸಂಸ್ಥೆ ಈ ಮಕ್ಕಳ ಮೇಲೆ ಸಂಶೋಧನೆ ಮಾಡಿದೆ. ಪುಣೆಯ ಜ್ಞಾನಪ್ರಬೋಧಿನಿ ಅನ್ನುವ ಸಂಸ್ಥೆ 1962ರಿಂದ ಇಂಥ ಮಕ್ಕಳ ಶಿಕ್ಷಣದ ಕೆಲಸದಲ್ಲಿದೆ.

ಜೋಸೆಫ್ ರೆಂಝುಲಿ ಅಂತ ಅಮೆರಿಕದ ಪ್ರೊಫೆಸರ್ 1978ರಲ್ಲಿ ಒಂದು ಮಾತು ಮುಂದಿಟ್ಟರು. ಸಾಮಾನ್ಯಕ್ಕಿಂತ ಹೆಚ್ಚಿನ ಸಾಮರ್ಥ್ಯ, ಹೊಸದನ್ನು ಯೋಚಿಸುವ ಗುಣ, ಹಿಡಿದ ಕೆಲಸ ಬಿಡದ ಹಟ, ಮೂರೂ ಸೇರಬೇಕು ಅಂತ. ನಿಮ್ಮ ಸೆಂಟರ್‌ನವರು ಅಳೆದದ್ದು ಮೊದಲನೆಯದನ್ನು ಮಾತ್ರ. ಮಗಳಿಗೆ ಲೈಬ್ರರಿ ಕಾರ್ಡ್ ಮಾಡಿಸಿ. ಅವಳು ಕೇಳುವ ಪ್ರಶ್ನೆಗಳನ್ನು ಬರೆದಿಡಿ. ಎಂಟು ವರ್ಷವಾದಾಗ ನನಗೆ ಇನ್ನೊಂದು ಪತ್ರ ಬರೆಯಿರಿ.

ವಯಸ್ಸು 41. ಪಿ.ಯು.ಸಿ. ಓದಿದ್ದೇನೆ. ಮಗನಿಗೆ ಆಟಿಸಂ. ನಾನೇ ಕೋರ್ಸ್ ಮಾಡಿ ಅವನಿಗೆ ಕಲಿಸಲಾ?
– ಗೃಹಿಣಿ, ಶಿವಮೊಗ್ಗ

ಕೋರ್ಸ್ ಖಂಡಿತ ಮಾಡಿ. ಪಿ.ಯು.ಸಿ. ಆದವರಿಗೆ ಎರಡು ವರ್ಷದ ವಿಶೇಷ ಡಿ.ಎಡ್. ಇದೆ. ಮಗನಿಗೆ ನೀವೇ ಟೀಚರ್ ಆಗಬೇಕು ಅನ್ನುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಬೆಳಿಗ್ಗೆ ಬ್ರಷ್ ಮಾಡಿಸುವವಳು, ಊಟ ಮಾಡಿಸುವವಳು, ಮಧ್ಯಾಹ್ನ ಪಾಠ ಮಾಡುವವಳು ಎಲ್ಲ ಒಬ್ಬಳೇ ಆದರೆ ಇಬ್ಬರಿಗೂ ಸಾಕಾಗಿಹೋಗುತ್ತದೆ. ಅವನಿಗೆ ಬೇರೆ ಟೀಚರ್ ಇರಲಿ, ನೀವು ಬೇರೆಯವರ ಮಕ್ಕಳಿಗೆ ಟೀಚರ್ ಆಗಿ. ನನ್ನ ಕ್ಲಾಸಿನಲ್ಲಿ ಇಂಥ ಅಮ್ಮಂದಿರು ಕೂತಿದ್ದಾಗ ಚಿಕ್ಕ ಹುಡುಗಿಯರು ಯಾರೂ ಆಕಳಿಸುತ್ತಿರಲಿಲ್ಲ. ಪಿ.ಯು. ಅಂಕಪಟ್ಟಿ ಹುಡುಕಿಡಿ, ಶೇಕಡಾ 50 ಬೇಕು. ಮೀಸಲಾತಿ ಇದ್ದರೆ ಸ್ವಲ್ಪ ರಿಯಾಯಿತಿ ಇದೆ.