ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಳುಗಡೆ ನಗರಿಯ ಹಳೆಯ ಫೋಟೋಗಳು

ಪ್ರಶ್ನೆ: ನಮ್ಮ ಮನೆತನ ಹಳೇ ಬಾಗಲಕೋಟೆಯ ಕಿಲ್ಲಾ ಓಣಿಯದು. ಆಲಮಟ್ಟಿ ಹಿನ್ನೀರಿಗೆ ಮನೆ ಹೋದ ಮೇಲೆ ನವನಗರಕ್ಕೆ ಬಂದೆವು. ತಂದೆಯವರ ಟ್ರಂಕಿನಲ್ಲಿ ಆಲ್ಬಂಗಳು, ಬಿಡಿ ಫೋಟೋಗಳು, ಒಂದಿಷ್ಟು ನೆಗೆಟಿವ್‌ಗಳಿವೆ. ಪರಿಚಿತರ ಮನೆಗಳಲ್ಲಿರುವುದನ್ನೂ ಕೂಡಿಸಿ ಹಳೇ ಊರಿನ ಚಿತ್ರಸಂಗ್ರಹ ಮಾಡಬೇಕೆಂಬುದು ಗೆಳೆಯರ ವಿಚಾರ. ಆದರೆ ಸಿಗುವುದೆಲ್ಲ ಮದುವೆ, ಜಾವಳ, ಕುಬಸದ ಫೋಟೋಗಳೇ. ಇವುಗಳಿಂದ ಊರಿನ ಇತಿಹಾಸಕ್ಕೆ ಉಪಯೋಗವುಂಟೇ? ಎಲ್ಲಿಂದ ಆರಂಭಿಸಬೇಕು? ಒಂದು ಫೋಟೋದ ಪ್ರತಿಯನ್ನು ಲಗತ್ತಿಸಿದ್ದೇನೆ.
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಉಪಯೋಗವುಂಟು. ಊರಿನ ಇತಿಹಾಸಕ್ಕೆ ಇವುಗಳಷ್ಟು ಹತ್ತಿರದ ಆಧಾರ ಬೇರೆ ಸಿಗುವುದು ಕಷ್ಟ. ನಿಮ್ಮ ಜಿಲ್ಲೆಯ ಬಾದಾಮಿ, ಐಹೊಳೆಗಳ ಗುಡಿಗಳನ್ನು ಬಾಂಬೆ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲೇ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಸ್ಮಾರಕಗಳಿಗೆ ಇಂಥ ಭಾಗ್ಯ ಆಗಿನಿಂದಲೂ ಇದೆ. ಜನ ಬಾಳಿದ ಓಣಿಗಳಿಗೆ ಅದು ದೊರೆಯುವುದು ಅಪರೂಪ. ಓಣಿಯ ಚಿತ್ರ ಉಳಿದಿದ್ದರೆ ಅದು ಯಾರದೋ ಮದುವೆಯ ಮೆರವಣಿಗೆಯ ಹಿಂದೆ, ಹೋಳಿಯ ಸೋಗಿನ ಬಂಡಿಯ ಪಕ್ಕದಲ್ಲಿ, ತಾನಾಗಿಯೇ ಚೌಕಟ್ಟಿನೊಳಗೆ ಬಂದಿರುತ್ತದೆ.

ನೀವು ಕಳಿಸಿದ ಫೋಟೋವನ್ನೇ ನೋಡಿ. ಮುಂದೆ ಬಾಸಿಂಗ ಕಟ್ಟಿಕೊಂಡ ಮದುಮಗ ನಿಂತಿದ್ದಾನೆ, ಆದ್ದರಿಂದ ನಿಮ್ಮ ಮನೆಯಲ್ಲಿ ಅದು ಮದುವೆಯ ಫೋಟೋ. ಅವನ ಹೆಗಲಾಚೆಗೆ ಭೂತಗನ್ನಡಿ ಹಿಡಿದರೆ ಕಟ್ಟಿಗೆಯ ಕಂಬಗಳ ಮಾಳಿಗೆಮನೆ, ಅದರ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತ ಇಬ್ಬರು ಮುದುಕರು, ಅರ್ಧ ಕಾಣುವ ಅಂಗಡಿಯ ಬೋರ್ಡು, ಇನ್ನೂ ತಂತಿ ಎಳೆಯದ ವಿದ್ಯುತ್ ಕಂಬ ಕಾಣುತ್ತವೆ. ಆ ಓಣಿಗೆ ಕರೆಂಟು ಬಂದ ಕಾಲ, ಅಂಗಡಿ ನಡೆಸುತ್ತಿದ್ದವರು, ಮನೆ ಕಟ್ಟುವ ರೀತಿ, ಇಷ್ಟನ್ನೂ ಈ ಒಂದು ಚಿತ್ರದಿಂದ ಕೆದಕಬಹುದು. ಹಾಗೆ ಕೆದಕಲು ಆ ಓಣಿಯನ್ನು ಕಂಡವರು ಎದುರಿಗಿರಬೇಕು.

ಆದ್ದರಿಂದ ಸ್ಕ್ಯಾನರ್ ಕೊಳ್ಳುವ ಮೊದಲು ಹಿರಿಯರ ಹತ್ತಿರ ಹೋಗಿ. ಫೋಟೋ ಇನ್ನೂ ಇಪ್ಪತ್ತು ವರ್ಷ ಟ್ರಂಕಿನಲ್ಲಿ ಉಳಿದೀತು, ಅದರಲ್ಲಿರುವವರ ಹೆಸರು ಬಲ್ಲ ಎಂಬತ್ತೈದರ ಅಜ್ಜಿ ಉಳಿಯುವ ಭರವಸೆಯಿಲ್ಲ. ಹೆಸರೂ ಸ್ಥಳವೂ ತಿಳಿಯದ ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಇತಿಹಾಸಕ್ಕೆ ಅರ್ಧ ಮೂಕವೇ. ಫೋಟೋವನ್ನು ಕೈಗೆ ಕೊಟ್ಟು, ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ, ಅವರು ಹೇಳಿದಂತೆಯೇ ಹೇಳಲು ಬಿಡಿ. ಮದುಮಗನ ಹೆಸರಿನ ಜೊತೆಗೆ ಹಿಂದಿನ ಮನೆ ಯಾರದು, ಈ ದಾರಿ ಎಲ್ಲಿಗೆ ಹೋಗುತ್ತಿತ್ತು, ನೀರು ಎಲ್ಲಿಂದ ತರುತ್ತಿದ್ದರು ಎಂದೂ ಕೇಳಿ.

ನಿಮ್ಮ ಊರಿಗೆ ಇನ್ನೊಂದು ವಿಶೇಷ ತೊಡಕಿದೆ. ಬೇರೆ ಊರಿನಲ್ಲಿ ಹಳೆಯ ಫೋಟೋ ಹಿಡಿದು ಅದೇ ಜಾಗಕ್ಕೆ ಹೋಗಿ ನಿಲ್ಲಬಹುದು. ನಿಮಗೆ ಆ ಜಾಗವೇ ನೀರಿನಲ್ಲಿದೆ. ಮುಳುಗಿದ ಮನೆಗಳಿಗೆ ಸಿಕ್ಕ ಪರಿಹಾರದ ಕಾಗದಗಳು ಇಲ್ಲಿ ನೆರವಿಗೆ ಬರುತ್ತವೆ. ಅವುಗಳಲ್ಲಿ ಕಾಣುವ ಮನೆಯ ಸರ್ವೆ ನಂಬರನ್ನು ಪ್ರತಿ ಫೋಟೋದ ವಿವರದಲ್ಲಿ ಬರೆದಿಡಿ. ಹಳೆಯ ನಗರ ನಕಾಶೆಯೊಂದು ಸಿಕ್ಕ ದಿನ ಎಲ್ಲ ಚಿತ್ರಗಳೂ ತಂತಮ್ಮ ಜಾಗದಲ್ಲಿ ಹೋಗಿ ಕೂರುತ್ತವೆ. ಹೋಳಿಯ ಚಿತ್ರವಾದರೆ ಬಂಡಿ ಹಳೇ ಊರಿನ ಯಾವ ಓಣಿಯದ್ದು, ಕಿಲ್ಲಾದ್ದೋ ಜೈನಪೇಟೆಯದ್ದೋ ವೆಂಕಟಪೇಟೆಯದ್ದೋ ಎಂಬುದನ್ನು ಮರೆಯದೆ ಸೇರಿಸಿ.

ಇಂದಿಗೂ ನಿಂತಿರುವ ಹಳೇ ಓಣಿಗಳನ್ನೂ ಈಗಲೇ ಚಿತ್ರೀಕರಿಸಿ. ಆಲಮಟ್ಟಿಯಲ್ಲಿ ಸದ್ಯ ನೀರು ನಿಲ್ಲಿಸುವುದು 519.60 ಮೀಟರ್ ಮಟ್ಟದವರೆಗೆ. ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಸಮ್ಮತಿಸಿದ್ದು, ಮಟ್ಟ ಏರಿದರೆ ಹಿನ್ನೀರು ಇನ್ನಷ್ಟು ಮುಂದೆ ಬರುತ್ತದೆ. ತಲೆಬಾಗಿಲು, ಪಡಸಾಲೆ, ಕಟ್ಟೆ, ಓಣಿಯ ಎರಡೂ ತುದಿ, ಹೀಗೆ ಮನೆಮನೆಯನ್ನೂ ದಾಖಲಿಸಲು ಈಗ ಅವಕಾಶವಿದೆ. ಮೊದಲ ಸಲ ಮುಳುಗಡೆಗೆ ಊರು ಖಾಲಿಯಾದಾಗ ಎಷ್ಟು ಮನೆಗಳವರಿಗೆ ಇದು ಹೊಳೆದಿತ್ತು?

ಇನ್ನು ಕೆಲಸದ ವಿಧಾನ. ಪೋಸ್ಟ್‌ಕಾರ್ಡ್ ಅಳತೆಯ ಫೋಟೋಗಳನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ), ಚಿತ್ರದ ವಿವರ ಕಳೆಯದಂತೆ ಉಳಿಸುವ ಟಿಫ್ (TIFF) ಕಡತವಾಗಿ ಸ್ಕ್ಯಾನ್ ಮಾಡಿ. ಚಿಕ್ಕವಾಗಿದ್ದರೆ 1200 ಇರಲಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಸ್ಟುಡಿಯೋದ ಮುದ್ರೆ, ತಾರೀಖು, ಬೀಗರಿಗೆ ಬರೆದ ಎರಡು ಸಾಲು ಇರುವುದು ಅಲ್ಲಿಯೇ. ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಅಂಚಿನಲ್ಲಿ ಹಗುರಾಗಿ ಬರೆಯಿರಿ; ಬಾಲ್‌ಪೆನ್ನಿನ ಗೀರು ಮುಂಬದಿಯಲ್ಲಿ ಉಬ್ಬುತ್ತದೆ. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಂಗಳಿಂದ ಫೋಟೋಗಳನ್ನು ಎಳೆದು ಕೀಳಬೇಡಿ, ಕಾಗದ ಸೀಳುತ್ತದೆ. ಪುಟವನ್ನು ಇದ್ದಂತೆಯೇ ಮೊದಲು ಸ್ಕ್ಯಾನ್ ಮಾಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಬಿಡಿಸಲಾಗದ ಹಾನಿ ಅದು. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಅದರ ಆವಿ ಪಕ್ಕದ ಫಿಲ್ಮುಗಳನ್ನೂ ಕೆಡಿಸುವುದರಿಂದ ಅವನ್ನು ಬೇರ್ಪಡಿಸಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ. 1950ಕ್ಕಿಂತ ಹಿಂದಿನ ಫಿಲ್ಮು ನೈಟ್ರೇಟ್ ಆಗಿರುವ ಸಂಭವವಿದ್ದು, ಬೇಗ ಬೆಂಕಿ ಹಿಡಿಯುತ್ತದೆ. ಬಿಸಿಲಿನ ಮಾಳಿಗೆಯಲ್ಲಿ ಅವನ್ನು ಇಡಬಾರದು. ಕಡತಗಳ ಮೂರು ಪ್ರತಿಗಳಿದ್ದು, ಒಂದು ಬೇರೆ ಊರಿನಲ್ಲಿರಲಿ. ಮೂಲ ಫೋಟೋಗಳನ್ನು ಆಯಾ ಮನೆಯವರಿಗೇ ಹಿಂದಿರುಗಿಸಿ. ಜನರ ನಂಬಿಕೆ ಉಳಿಯುವುದು ಅದರಿಂದಲೇ.

ಪ್ರಶ್ನೆ: ಹಳೆಯ ಸ್ಟುಡಿಯೋದವರು ತೆಗೆದ ಕುಟುಂಬದ ಫೋಟೋಗಳನ್ನು ಪ್ರದರ್ಶನಕ್ಕಿಡಲು ಯಾರ ಒಪ್ಪಿಗೆ ಬೇಕು?
– ಇನ್ನೊಬ್ಬ ಓದುಗರು, ಇಳಕಲ್

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ಅದನ್ನು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ದರೆ. ಆದ್ದರಿಂದ ಕುಟುಂಬದವರ ಒಪ್ಪಿಗೆ ಪಡೆಯಿರಿ, ಅದು ಬರಹದಲ್ಲಿರಲಿ. ಸ್ಟುಡಿಯೋದವರು ತಮ್ಮ ಇಚ್ಛೆಯಿಂದ ತೆಗೆದ ಸಂತೆ, ಜಾತ್ರೆ, ಪ್ರವಾಹದ ಚಿತ್ರಗಳಿಗೆ ಅವರ ಅಥವಾ ಅವರ ವಾರಸುದಾರರ ಅನುಮತಿ ಕೇಳಬೇಕು. ಕಾನೂನು ಏನೇ ಇರಲಿ, ಸ್ಟುಡಿಯೋದ ಹೆಸರನ್ನು ಚಿತ್ರದ ಕೆಳಗೆ ಹಾಕುವುದು ನ್ಯಾಯ. ಮುಚ್ಚಿದ ಸ್ಟುಡಿಯೋಗಳ ನೆಗೆಟಿವ್ ಪೆಟ್ಟಿಗೆಗಳು ಗುಜರಿಗೆ ಹೋಗುವ ಮೊದಲು ಅವರ ಮನೆಯವರನ್ನು ಕಂಡು ಮಾತಾಡಿ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ; ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲೂ ಇಂಥ ಕೆಲಸ ಆಗಲೇಬೇಕು.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಕಪ್ಪು-ಬಿಳುಪು ಫೋಟೋಗಳಿಗೆ ಬಣ್ಣ ಹಚ್ಚಿದರೆ ಯುವಕರಿಗೆ ಹಿಡಿಸುತ್ತದೆ. ಹಾಗೆ ಮಾಡಬಹುದೇ?
– ಕಾಲೇಜು ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ದಾಖಲೆಯ ಪ್ರತಿಗೆ ಖಂಡಿತ ಬೇಡ. ನಿಮ್ಮ ಅಜ್ಜಿ ಉಟ್ಟ ಇಳಕಲ್ ಸೀರೆ ಯಾವ ಬಣ್ಣದ್ದೆಂದು ಆ್ಯಪ್‌ಗೆ ತಿಳಿಯದು, ಅದು ಊಹಿಸಿ ಹಚ್ಚುತ್ತದೆ. ಮಸುಕಾದ ಮುಖವನ್ನು ತಿದ್ದಲು ಹೇಳಿದರೆ ಇಲ್ಲದ ಕಣ್ಣು ಮೂಗುಗಳನ್ನು ತಾನೇ ಸೃಷ್ಟಿಸುತ್ತದೆ. ಪ್ರದರ್ಶನಕ್ಕೆ ಬೇಕೇ ಬೇಕೆಂದಾದರೆ ಬೇರೊಂದು ಪ್ರತಿ ಮಾಡಿಕೊಂಡು, ಕಡತದ ಹೆಸರಿನಲ್ಲೂ ಚಿತ್ರದ ಕೆಳಗೂ ‘ಬಣ್ಣ ನಂತರ ಹಚ್ಚಿದ್ದು’ ಎಂದು ಬರೆದು, ಮೂಲ ಚಿತ್ರವನ್ನು ಅದರ ಪಕ್ಕದಲ್ಲೇ ಇಡಿ.