ಬಿಎಆರ್‌ಸಿಯವರೂ ಸುಳ್ಳೇ?

ಗದಗಿನ ಮಾಸ್ತರರಿಗೆ ನಮಸ್ಕಾರ.

ಕೋಲ್ಡ್ ಫ್ಯೂಷನ್, ಅಂದರೆ ಸೂರ್ಯನೊಳಗಿನಂಥ ಭಾರೀ ಬಿಸಿ ಇಲ್ಲದೆಯೇ ಪರಮಾಣು ಬೀಜಗಳನ್ನು ಕೂಡಿಸಿ (ಸಮ್ಮಿಳನ) ಶಕ್ತಿ ಪಡೆಯೋದು, ಇನ್ನೂ ಸಾಬೀತಾಗಿಲ್ಲ ಅಂತ ಹೋದ ಸಂಚಿಕೆಯಲ್ಲಿ ಬರೆದದ್ದಕ್ಕೆ ನಿಮಗೆ ಸಿಟ್ಟು ಬಂದಿದೆ. "ನಮ್ಮ ಬಿಎಆರ್‌ಸಿಯವರೇ ಟ್ರಿಟಿಯಂ ಕಂಡರಲ್ಲ, ಅವರೂ ಸುಳ್ಳೇ? ನಿಮ್ಮಂಥ ಸಂಶಯದವರು ಹೊಸದನ್ನು ಬೆಳೆಯೋಕೆ ಬಿಡೋದಿಲ್ಲ" ಅಂದಿದ್ದೀರಿ. (ಬಿಎಆರ್‌ಸಿ ಅಂದರೆ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ. ಟ್ರಿಟಿಯಂ ಅಂದರೆ ಜಲಜನಕದ ಭಾರವಾದ, ವಿಕಿರಣ ಸೂಸುವ ರೂಪ; ಸಮ್ಮಿಳನ ನಡೆದರೆ ಹುಟ್ಟುವಂಥದು.)

ಸುಳ್ಳು ಅಂತ ನಾವು ಬರೆದಿಲ್ಲ ಸರ್. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಪಾನ್ಸ್ ಮತ್ತು ಫ್ಲೈಷ್‌ಮನ್ ಅನ್ನೋ ರಸಾಯನಶಾಸ್ತ್ರಜ್ಞರು ಪತ್ರಿಕಾಗೋಷ್ಠಿ ಕರೆದು, ಭಾರಜಲದಲ್ಲಿ (ಜಲಜನಕದ ಬದಲು ಅದರ ಭಾರವಾದ ರೂಪ ಡ್ಯೂಟೀರಿಯಂ ಇರುವ ನೀರು) ಪಲ್ಲಾಡಿಯಂ ಲೋಹದ ಕಡ್ಡಿ ಇಟ್ಟು ಕರೆಂಟ್ ಹರಿಸಿದರೆ ಕೊಟ್ಟದ್ದಕ್ಕಿಂತ ಜಾಸ್ತಿ ಶಾಖ ಬರುತ್ತದೆ, ಅದು ಸಮ್ಮಿಳನದ್ದೇ ಅಂದರು. ಫ್ಲೈಷ್‌ಮನ್ ಸಣ್ಣ ಆಸಾಮಿ ಅಲ್ಲ, ರಾಯಲ್ ಸೊಸೈಟಿಯ ಫೆಲೋ. ಅದೇ ವರ್ಷ ಆಗಿನ ನಿರ್ದೇಶಕ ಪಿ.ಕೆ. ಅಯ್ಯಂಗಾರ್ ಅವರ ಮುಂದಾಳತ್ವದಲ್ಲಿ ಬಿಎಆರ್‌ಸಿಯ ಹಲವು ತಂಡಗಳು ಪ್ರಯೋಗಕ್ಕೆ ಕೂತವು. ಟ್ರಿಟಿಯಂ, ನ್ಯೂಟ್ರಾನ್ ಕಂಡವು ಅಂತ ವರದಿಯನ್ನೂ ಕೊಟ್ಟವು. ತಡಮಾಡದೆ ತಾವೇ ಮಾಡಿ ನೋಡಿದರಲ್ಲ, ಅದು ದೊಡ್ಡದು.

ಆದರೆ ಶಾಖ ಅಳೆಯೋದು ಎಷ್ಟು ನಾಜೂಕಿನ ಕೆಲಸ ನೋಡಿ. ಕರೆಂಟ್ ಹರಿದಾಗ ಭಾರಜಲ ಒಡೆದು ಡ್ಯೂಟೀರಿಯಂ ಮತ್ತು ಆಮ್ಲಜನಕ ಗುಳ್ಳೆಗಳಾಗಿ ಮೇಲೇಳುತ್ತವೆ. ಅವುಗಳ ಜೊತೆ ಇಂತಿಷ್ಟು ಶಕ್ತಿ ಹೊರಗೆ ಹೋಯಿತು ಅಂತ ಲೆಕ್ಕ ಹಿಡಿಯುತ್ತಾರೆ. ಆ ಅನಿಲಗಳು ಪಾತ್ರೆಯೊಳಗೇ ಮತ್ತೆ ಕೂಡಿ ನೀರಾದವು ಅನ್ನಿ, ಹೋಯಿತು ಅಂದುಕೊಂಡ ಶಕ್ತಿ ಅಲ್ಲೇ ಶಾಖವಾಗಿ ಉಳಿಯುತ್ತದೆ, ಲೆಕ್ಕದಲ್ಲಿ ಮಾತ್ರ ಹೆಚ್ಚುವರಿ ಅಂತ ಕಾಣುತ್ತದೆ. ನೀರನ್ನು ಸರಿಯಾಗಿ ಕಲಕದಿದ್ದರೆ ಥರ್ಮಾಮೀಟರ್ ಇಟ್ಟ ಜಾಗಕ್ಕೆ ತಕ್ಕ ಹಾಗೆ ಬೇರೆ ಬೇರೆ ಬಿಸಿ ತೋರಿಸುತ್ತದೆ. ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ನೇಥನ್ ಲೂಯಿಸ್ ಎತ್ತಿದ ತಕರಾರು ಇದೇ. ಅದೂ ಇರಲಿ. ಒಂದೇ ಒಂದು ವಾಟ್ ಶಾಖ ಡ್ಯೂಟೀರಿಯಂ ಸಮ್ಮಿಳನದಿಂದ ಬಂದಿದ್ದರೆ, ನಮಗೆ ಗೊತ್ತಿರುವ ಭೌತಶಾಸ್ತ್ರದ ಪ್ರಕಾರ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನ್ ಹೊರಡಬೇಕು. ತಾಸೊತ್ತು ಪಕ್ಕದಲ್ಲಿ ನಿಂತವರು ಬದುಕೋದು ಕಷ್ಟ. ಅಷ್ಟು ನ್ಯೂಟ್ರಾನ್ ಯಾರಿಗೂ ಕಾಣಲಿಲ್ಲ.

ಸಂಶಯದವರು ಹೊಸದಕ್ಕೆ ಬಾಗಿಲು ಮುಚ್ಚಿಬಿಟ್ಟರು ಅನ್ನೋದನ್ನು ಮಾತ್ರ ನಾನು ಒಪ್ಪೋದಿಲ್ಲ. ಅಮೆರಿಕದ ಇಂಧನ ಇಲಾಖೆ 1989ರಲ್ಲಿ ಪರಿಶೀಲಿಸಿತು, 2004ರಲ್ಲಿ ಮತ್ತೊಮ್ಮೆ ಕೂತು ನೋಡಿತು. ಗೂಗಲ್ ದುಡ್ಡು ಹಾಕಿ ಹಲವು ಲ್ಯಾಬುಗಳಲ್ಲಿ ಪ್ರಯೋಗ ಮಾಡಿಸಿತು. ಪುರಾವೆ ಸಿಗಲಿಲ್ಲ ಅಂತ ಆ ವಿಜ್ಞಾನಿಗಳು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇವರೆಲ್ಲ ಸಂಶಯ ಇಟ್ಟುಕೊಂಡೇ ಹುಡುಕಿದವರು, ಅಲ್ವಾ? ಹಾಂ, ಆಗ ಕೆಲವರು ಪ್ರಶ್ನೆ ಕೇಳೋದು ಬಿಟ್ಟು ಸುಮ್ನೆ ಗೇಲಿ ಮಾಡಿದರು. ಅದರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಅಗ್ಗದ ಶಕ್ತಿ ಯಾರಿಗೆ ಬೇಡ ಹೇಳಿ. ರಾತ್ರಿ ತ್ರೀ ಫೇಸ್ ಬಂತು ಅಂತ ಎದ್ದು, ಹಾವು ಚೇಳು ನೋಡದೆ ಪಂಪ್‌ಸೆಟ್ ಚಾಲೂ ಮಾಡೋಕೆ ಹೊಲಕ್ಕೆ ಓಡುವ ರೈತರ ನಡುವೆ ಇದ್ದೀವಿ ನಾವು. ಆ ಆಸೆಯನ್ನೇ ಹಿಡಿದು ದುಡ್ಡು ಮಾಡುವವರೂ ಇದ್ದಾರೆ. ಬೆಟಗೇರಿಯಲ್ಲಿ ಯಾರೋ 'ಕೋಲ್ಡ್ ಫ್ಯೂಷನ್ ಹೀಟರ್' ಡೀಲರ್‌ಶಿಪ್ಪಿಗೆ ನಿಮ್ಮ ಅಳಿಯನ ಹತ್ತಿರ ಮುಂಗಡ ಕೇಳುತ್ತಿದ್ದಾರೆ ಅಂತ ಪತ್ರದ ಕೊನೆಗೆ ಬರೆದಿದ್ದೀರಲ್ಲ, ಒಂದು ರೂಪಾಯಿನೂ ಕೊಡಬೇಡಿ ಅನ್ನಿ. ಮೊದಲು ನಮ್ಮ ಮೀಟರ್ ಹಾಕಿ ನೋಡುತ್ತೇವೆ, ಎಷ್ಟು ಲೀಟರ್ ನೀರು ಎಷ್ಟು ಡಿಗ್ರಿ ಕಾಯಿತು ನಾವೇ ಬರೆದುಕೊಳ್ಳುತ್ತೇವೆ ಅಂತ ಕೇಳಲಿ. ಒಪ್ಪದಿದ್ದರೆ ಎದ್ದು ಬರಲಿ. ಒಪ್ಪಿದರೆ ನನಗೊಂದು ಫೋನ್ ಮಾಡಿ, ಧಾರವಾಡದಿಂದ ನಾನೂ ಬರುತ್ತೇನೆ.

– ಸಂಪಾದಕ